ದುಆದ ಮೊದಲ ಮಾತು

೧೨ ಆಗಸ್ಟ್ ೧೯೭೪, ಸೋಮವಾರ

ಸಂಜೆಯ ಅಸರ್ ನಮಾಜು ಮುಗಿಸಿ ಪಾಠಕ್ಕೆ ಹುಡುಗಿಯರನ್ನು ಕೂಡಿಸಿದೆ. ಒಂಬತ್ತು ಜನ. ನಮಾಜಿನ ನಂತರದ ಪ್ರಾರ್ಥನೆ, ದುಆ, ಒಪ್ಪಿಸಿದರು — ಅಲ್ಲಾಹುಮ್ಮ ಅಇನ್ನೀ ಅಲಾ ಝಿಕ್ರಿಕ ವ ಶುಕ್ರಿಕ ವ ಹುಸ್ನಿ ಇಬಾದತಿಕ. ಒಂದು ಅಕ್ಷರ ತಪ್ಪಿಲ್ಲ. ಬೈಲಹೊಂಗಲದ ಈ ಓಣಿಯಲ್ಲಿ ಇಷ್ಟು ಶುದ್ಧವಾಗಿ ಕಲಿಸುವವರು ಯಾರಿದ್ದಾರೆ? ನನ್ನಂತೆ ಹೈಸ್ಕೂಲು ಕಂಡ ಹೆಂಗಸಾದರೂ ಯಾರಿದ್ದಾರೆ?

ಪಕ್ಕದ ಮನೆಯ ಶೆಟ್ಟೆವ್ವ ಶೇಂಗಾ ಸುಲಿಯುತ್ತ ಪಡಸಾಲೆಯಲ್ಲಿದ್ದಳು. ಸುಮ್ಮನೆ ಕೂಡುವವಳಲ್ಲ.

"ಅಕ್ಕಾವ್ರ, ದಿನಾ ಐದ ಸಲಾ ಕೈ ಒಡ್ಡತೀರಿ. ಏನ ಬೇಡತೀರಿ ಅಂಥಾದ್ದು?"

"ನಾ ಬೇಡಾಕಿ ಅಲ್ಲ. ನಿನ್ನ ನೆನೀತೇನಿ, ನಿನಗ ಶುಕರ್ ಹೇಳತೇನಿ, ಛಂದಂಗ ಇಬಾದತ್ ಮಾಡತೇನಿ ಅಂತ ಅಲ್ಲಾಹಗ ಹೇಳೂದು."

"ಅಂದ್ರ ಸಾಲ್ಯಾಗ ಹಾಜರಿ ಕೊಟ್ಟಂಗ ಅನ್ರಿ!"

ಹುಡುಗಿಯರು ಕಿಸಕ್ಕೆಂದರು. ಒಮ್ಮೆ ನೋಡಿದೆ. ತಲೆ ತಗ್ಗಿಸಿ ಮತ್ತೆ ಒಪ್ಪಿಸತೊಡಗಿದರು.

ಸೊಸೆ ಜೈತುನ ಒಳಗಿನಿಂದ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿದಳು. ರಾಮದುರ್ಗದವಳು. ತಂದೆಯಿಂದ ಅರಬ್ಬಿ ಅರ್ಥಸಹಿತ ಕಲಿತವಳಂತೆ. ಮದುವೆಯಲ್ಲಿ ಬೀಗರು ಅದನ್ನೇ ಹತ್ತು ಸಲ ಹೇಳಿದ್ದರು.

೧೩ ಆಗಸ್ಟ್

ಏನು ಹೇಳಹೊರಟಿದ್ದೆ ಎಂದು ಜೈತುನಳನ್ನು ಕೇಳಲಿಲ್ಲ. ನಾನೇಕೆ ಕೇಳಲಿ?

೧೬ ಆಗಸ್ಟ್, ಶುಕ್ರವಾರ

ಕೇಳಿದೆ. ಕೇಳಿದ್ದಲ್ಲ, ಗದರಿಸಿದೆ.

"ಅವತ್ತ ಏನೋ ನುಂಗಿದೆಲ್ಲ, ಹೇಳು."

"ಸಿಟ್ಟಾಗಬ್ಯಾಡ್ರಿ ಅಮ್ಮಾ... ಅಇನ್ನೀ ಅಂದ್ರ ನನಗ ಮದತ್ ಮಾಡು ಅಂತ. ನಿನ್ನ ನೆನಿಯಾಕ, ಶುಕರ್ ಹೇಳಾಕ, ಛಂದಂಗ ಇಬಾದತ್ ಮಾಡಾಕ ನೀನ ಮದತ್ ಮಾಡು ಅಂತ ಬೇಡೂದ್ರಿ ಅದು."

ಝಿಕ್ರ್ ಎಂದರೆ ನೆನೆಯುವುದು, ಶುಕ್ರ್ ಕೃತಜ್ಞತೆ, ಇಬಾದತ್ ಆರಾಧನೆ — ಮೂರೂ ಮನೆಮಾತು. ಅವಕ್ಕೂ ಮೊದಲಿನ ಅಇನ್ನೀ ಒಂದೇ ತಿಳಿದಿರಲಿಲ್ಲ. ತಿಳಿದ ಮೂರನ್ನು ಹಿಡಿದು ಅರ್ಥ ಕಟ್ಟಿದ್ದೆ. ಮನೆಯವರು ತೀರಿಕೊಂಡಾಗಲೂ ಯಾರ ಮುಂದೆ ಕೈಯೊಡ್ಡದ ನಾನು, ಮೂವತ್ತು ವರ್ಷ ದಿನಕ್ಕೆ ಐದು ಸಲ ಮದತ್, ಸಹಾಯ, ಬೇಡಿದ್ದೇನೆ. ಗೊತ್ತಿಲ್ಲದೆ!

"ಹುಡುಗ್ಯಾರ ಮುಂದ ನಾ ಬಾಯಿ ಬಿಡೂದಿಲ್ರಿ," ಎಂದಳು.

ಅದೇ ಹೆಚ್ಚು ಚುಚ್ಚಿತು. ನನ್ನ ಮಾನ ಸೊಸೆ ಮುಚ್ಚಿಡಬೇಕೇ?

೧೯ ಆಗಸ್ಟ್

ಮೂರು ದಿನದಿಂದ ಪಾಠವಿಲ್ಲ. ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ಕಳಿಸಿದೆ. ಸುಳ್ಳು. ಒಂಬತ್ತು ಹುಡುಗಿಯರ ಬಾಯಲ್ಲಿ ನನ್ನ ತಪ್ಪು ಅರ್ಥ ಒಂಬತ್ತು ಮನೆ ಸೇರಿದೆ.

೨೧ ಆಗಸ್ಟ್, ಬುಧವಾರ. ಅಸರ್ ಆದಮೇಲೆ

ನಮಾಜಿನ ಕೊನೆಯ ಸಲಾಮ್ ತಿರುಗಿಸಿ ದುಆಕ್ಕೆ ಕೈಯೆತ್ತಿದೆ. ಮೊದಲ ಮಾತಿಗೇ ನಾಲಿಗೆ ನಿಂತಿತು. ಆಮೇಲೆ ಹೇಳಿದೆ. ಬೇಡಿಕೊಂಡೇ ಹೇಳಿದೆ.

ಹೊಲ ಬೇಡುವುದಿಲ್ಲ, ಕಾಳು ಬೇಡುವುದಿಲ್ಲ, ಆಯುಷ್ಯ ಬೇಡುವುದಿಲ್ಲ. ಎಂಥ ಘನತೆಯ ದುಆ! ಮನುಷ್ಯರ ಮುಂದೆ ಬಾಗದವಳಿಗೆ ಇದಕ್ಕೆ ಬಾಗಲು ನಾಚಿಕೆ ಏತಕ್ಕೆ?

ಹೇಳಿ ಕಳಿಸಿದ್ದಕ್ಕೆ ಹುಡುಗಿಯರು ಮತ್ತೆ ಬಂದು ಕೂತಿದ್ದಾರೆ. ಶೆಟ್ಟೆವ್ವನೂ ಬಂದಿದ್ದಾಳೆ, ಆಗಲಿ. ತಪ್ಪು ನನ್ನದು, ನಾನೇ ಹೇಳುತ್ತೇನೆ. ಅರ್ಥವನ್ನು ಜೈತುನ ಹೇಳಲಿ, ಬಾಗಿಲ ಹಿಂದೆ ನಿಂತಲ್ಲ, ನನ್ನ ಪಕ್ಕ ಕೂತು. ನನ್ನ ಮನೆಯ ಸೊಸೆ. ಇಂಥವಳು ಓಣಿಯಲ್ಲಿ ಇನ್ನೊಬ್ಬಳಿಲ್ಲ.

ಕೂಗಿದೆ. ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಿದ್ದಾಳೆ. "ಏನ್ರಿ ಅಮ್ಮಾ?"

ಹುಕುಮು ಮಾಡಿ ರೂಢಿ. ಬೇರೆ ತರಹ ಹೇಳಬೇಕು. ಜೈತುನಾ, ನನಗ ಸ್ವಲ್ಪ ಮದತ್ —