ಯಾರದ್ದೂ ಅಲ್ಲದ ರಕ್ತ

ದಿಶಾಂತ್,

ಇವತ್ತು ಅರಂತೋಡಿನ ಶರ್ಮಿಳಾ ಎಂಬವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಕೋಡಿಂಬಾಳಕ್ಕೆ, ನಮ್ಮ ಮನೆಗೆ ಬಂದಳು. ಪುತ್ತೂರಿನ ಕಾಲೇಜಿನಲ್ಲಿ ನಿನ್ನ ಕ್ಲಾಸ್‌ಮೇಟ್ ಅಂತೆ. ಈ ಮನೆಗೆ ಬರುತ್ತಿರುವುದು ಇದೇ ಮೊದಲಂತೆ. ಬೆಲ್ಲ, ನೀರು ಇಟ್ಟೆ. ನೀರು ಕುಡಿದಳು, ಬೆಲ್ಲ ತಿನ್ನಲಿಲ್ಲ. ಏನೋ ಮುಚ್ಚಿಟ್ಟುಕೊಂಡು ಬಂದಿದ್ದಾಳೆ ಅಂದುಕೊಂಡೆ.

ನೀನು ತೀರಿಕೊಳ್ಳುವ ಮೊದಲು ಆಸ್ಪತ್ರೆಯಲ್ಲಿ ಕೊನೆಗೆ ನಿನಗೆ ಹಾಕಿದ್ದರಲ್ಲ, ಕೃತಕ ಶ್ವಾಸಕೋಶದ ಯಂತ್ರ, ಅದರೊಳಗೆ ರಕ್ತ ಹರಿಯುವುದನ್ನು ಕಂಪ್ಯೂಟರಿನಲ್ಲೇ ಓಡಿಸಿ ತೋರಿಸಿದಳು. ಕೆಂಪಗೆ ಹರಿದು ಬಂದದ್ದು ಒಂದು ಮೂಲೆಯಲ್ಲಿ ನೀಲಿಯಾಯಿತು.

“ಇಲ್ಲಿ ರಕ್ತ ನಿಧಾನ ಆಗ್ತದೆ ಅಕ್ಕ, ಹೆಪ್ಪುಗಟ್ಟುದು ಇಲ್ಲಿಯೇ. ಹೆಪ್ಪುಗಟ್ಟದ ಹಾಗೆ ಈ ಮೂಲೆಯ ಆಕಾರ ಬದಲಿಸ್ಲಿಕ್ಕೆ ಕಾಲೇಜಿನಲ್ಲಿ ನಾವು ನೋಡ್ತಾ ಇದ್ದೇವೆ.”

“ಇದು ನಮ್ಮ ದಿಶಾಂತನ ರಕ್ತವಾ?”

“ಅಲ್ಲ ಅಕ್ಕ, ಯಾರದ್ದೂ ಅಲ್ಲ. ಬರೀ ಲೆಕ್ಕ.”

“ಯಾರದ್ದೂ ಅಲ್ಲದ್ದನ್ನು ನನಗೆ ಯಾಕೆ ತೋರಿಸುದು? ನಿಂಗೆ ಎಂತ ಬೇಕು?”

“ಎಂತದೂ ಬೇಡ” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ನಾನು ನಂಬಲಿಲ್ಲ. ಎದ್ದು ಹೊರಟವಳ ಒಂದು ಕೈ ಮುಷ್ಟಿ ಕಟ್ಟಿತ್ತು; ಅದನ್ನೇ ನೋಡುತ್ತಾ ಅಂಗಳದವರೆಗೂ ಹಿಂದೆ ಹೋದೆ.

ಹೊಸಬರನ್ನು ಕಂಡರೆ ಸರಪಳಿ ಕಿತ್ತು ಬರುವಂತೆ ಹಾರಾಡುವ ನಮ್ಮ ನಾಯಿ ಎದ್ದು ಬಾಲ ಅಲ್ಲಾಡಿಸಿತು. ಅವಳು ಬಗ್ಗಿ, ಮುಷ್ಟಿಯಲ್ಲಿದ್ದ ಬೆಲ್ಲವನ್ನು ಅದರ ಬಾಯಿಗಿಟ್ಟು ಕಿವಿಯ ಹಿಂದೆ ತುರಿಸಿದಳು, ಥೇಟ್ ನೀನು ಮಾಡುತ್ತಿದ್ದ ಹಾಗೆ.

ನಾಯಿಗೆ ಗುರುತಿದ್ದ ಹುಡುಗಿಯನ್ನು ನನಗೆ ಯಾಕೆ ತೋರಿಸಲಿಲ್ಲ ಮಾರಾಯ? ನನ್ನ ಹೆದರಿಕೆಯಾ?

ಒಳಗೆ ಹೋಗಿ ಇನ್ನೊಂದು ತುಂಡು ಬೆಲ್ಲ ತಂದು ಅವಳ ಕೈಗಿಟ್ಟೆ. ಅಲ್ಲೇ ಅಂಗಳದಲ್ಲಿ ನಿಂತು ತಿಂದಳು.

ನಿನ್ನ ಅಕ್ಕ,
ಸುಪ್ರಿತಾ