ವಾಸನೆ ಹತ್ತದ ಮೂಟೆ

೩, ಸೋಮವಾರ. ಬೆಳಗ್ಗೆ ೬
ಪ್ರಾರ್ಥನೆ ಆಯ್ತು. ಮೂಗಿಗೆ ವಾಸನೆ ಇವತ್ತೂ ಬರಲಿಲ್ಲ. ಜ್ವರ ಬಿಟ್ಟು ಹನ್ನೆರಡು ದಿನ... ಮುಲಾಮಿನ ಡಬ್ಬಿ ಹಿಡಿದರೂ ಬರೀ ಗಾಳಿ. ಯಾರಿಗೂ ಹೇಳಿಲ್ಲ. ಗಿಡಮೂಲಿಕೆ ಚಹಾ ಕಾರ್ಖಾನೆಯಲ್ಲಿ ನನಗಿರೋ ಕೆಲಸವೇ ಅದು — ಸೊಪ್ಪಿನ ಮೂಟೆಯ ತಳದಿಂದ ಒಂದು ಮುಷ್ಟಿ ತೆಗೆದು, ಒದ್ದೆ ಕೈಲಿ ಉಜ್ಜಿ, ಮೂಸಿ, ಹೂಂ ಅನ್ನೋದು. ಆಮೇಲೇ ಮಿಕ್ಸಿಂಗ್.

ಅದೇ ದಿನ, ಸಂಜೆ
ಹೊಸ ಪುದೀನ ಮೂಟೆ ಬಂತು. ಉಜ್ಜಿದೆ, ಮೂಸಿದ ಹಾಗೆ ಮಾಡಿದೆ, ಹೂಂ ಅಂದೆ. ಓನರ್ ನಕ್ಕರು. "ನಿಮ್ಮ ಮೂಗಿರುವಾಗ ನನಗೆ ಲ್ಯಾಬ್ ಯಾಕಮ್ಮಾ?"
ಪ್ಯಾಕಿಂಗ್‌ನ ಬಾಯಾಳಿ ಹುಡುಗಿ ಬಿಡಬೇಕಲ್ಲ — "ಅಕ್ಕಾ, ಬೆಳ್ಳುಳ್ಳಿ ಜಗಿದು ನಿಮ್ಮ ಮುಖದ ಮುಂದೇನೇ ಮಾತಾಡ್ತಿದೀನಿ. ಒಂದು ಬೈಗಳೂ ಇಲ್ಲ! ದೇವರು ಮೂಗು ವಾಪಸ್ ಇಸ್ಕೊಂಡನಾ?"
ಎಲ್ಲರೂ ನಕ್ಕರು. ನಾನೂ ನಕ್ಕೆ.

೪, ಮಂಗಳವಾರ
ಆ ಪುದೀನ ಹಾಕಿದ 'ನಿದ್ದೆ ಚಹಾ' ಒಂದು ಪಾಕೆಟ್ ಮನೆಗೆ ತಂದೆ. ಅಣ್ಣ ತೀರಿಹೋದಾಗಿಂದ ಅತ್ತಿಗೆಗೆ ರೆಪ್ಪೆ ಅಂಟಿಲ್ಲ.

೫, ಬುಧವಾರ
ಅತ್ತಿಗೆ ಮಲಗಿದರು! ಒಂದೇ ಸಮ ಎಂಟು ಗಂಟೆ. ದೇವರು ದೊಡ್ಡವನು. "ನಿನ್ನ ಸೊಪ್ಪಲ್ಲಿ ಏನೋ ಇದೆ ಕಣೇ. ಸ್ವಲ್ಪ ಕಹಿ." ಪುದೀನ, ಸೋಂಪು, ನಿಂಬೆ ಹುಲ್ಲು — ಕಹಿ ಎಲ್ಲಿಂದ? ಜೇನು ಹಾಕಿಕೊಟ್ಟೆ.

೯, ಭಾನುವಾರ. ಮಧ್ಯಾಹ್ನ
ದಿನಾ ರಾತ್ರಿ ಅದೇ ಚಹಾ. ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತೆ ಅಂತಾರೆ ಅತ್ತಿಗೆ. ಬಿಸಿಲು ನೋಡೋಕಾಗಲ್ಲ. ಊಟಕ್ಕೆ ಇನ್ನೊಂದು ತಟ್ಟೆ ಇಟ್ಟರು.
"ನಾನು ಆಮೇಲೆ ತಿಂತೀನಿ ಅತ್ತಿಗೆ."
"ನಿನಗಲ್ಲ ಕಣೇ, ನಿಮ್ಮಣ್ಣನಿಗೆ. ಹಸ್ಕೊಂಡು ಬಂದಿದಾರೆ."
ಖಾಲಿ ಕುರ್ಚಿ ನೋಡಿ ನಕ್ಕರು. ಕಣ್ಣೊಳಗಿನ ಕಪ್ಪು ಬೊಟ್ಟು ಎಷ್ಟು ಅಗಲ... ದುಃಖಕ್ಕೆ ಹೀಗೂ ಆಗುತ್ತೇನೋ. ಸಮಾಧಾನ ಆಗಲಿ ಅಂತ ಇನ್ನೊಂದು ಲೋಟ ಚಹಾ ಕೊಟ್ಟೆ.

೧೦, ಸೋಮವಾರ. ಬೆಳಗ್ಗೆ
ಆ ಕಹಿ ತಲೆಯಿಂದ ಹೋಗಲಿಲ್ಲ. ಮೂಟೆಯ ತಳದಲ್ಲಿ ಉಳಿದದ್ದನ್ನ ಜರಡಿ ಹಿಡಿದೆ. ಪುದೀನದ ನಡುವೆ ಅಗಲ ಎಲೆಯ ಚೂರು. ಒಂದು ಮುಳ್ಳುಕಾಯಿ. ದತ್ತೂರಿ. ವಿಷ. ಹಳ್ಳಿ ಮಕ್ಕಳೂ ಮೂಸಿ ಎಸೀತಾರೆ. ಬಾಯಾಳಿ ಕೈಗೆ ಕೊಟ್ಟೆ. ಮೂಸಿದಳು, ಮುಖ ತಿರುಗಿಸಿದಳು. ನಗಲಿಲ್ಲ.
"ಅಕ್ಕಾ... ಆ ಬ್ಯಾಚ್ ಶುಕ್ರವಾರವೇ ಅಂಗಡಿಗಳಿಗೆ ಹೋಯ್ತು."
ಮನೆಗೆ ಓಡಿದೆ.

ಅದೇ ದಿನ, ೧೧ ಗಂಟೆ. ಆಸ್ಪತ್ರೆ
ಅತ್ತಿಗೆ ಒಳಗಿದಾರೆ. ಕರೆದರೆ ಓ ಅನ್ನಲ್ಲ. ಡಾಕ್ಟರು ಕೇಳಿದರು, ಏನು ಕೊಟ್ರಿ? ಊಟ ಅಷ್ಟೇ ಅಂದುಬಿಟ್ಟೆ! ಮೂಗಿನ ಸುಳ್ಳಿನ ಮೇಲೆ ಇನ್ನೊಂದು. ಹೇಳಿದರೆ ಕೆಲಸ ಹೋಗುತ್ತೆ, ಜೈಲೂ ಆಗಬಹುದು. ಹೇಳದಿದ್ದರೆ ಅತ್ತಿಗೆ... ದೇವರೇ, ಬಾಯಿ ಕೊಡು.
ಬೆಂಚಿನ ಆ ತುದೀಲಿ ಒಬ್ಬಳು ತಂದೆಯನ್ನ ಹಿಡ್ಕೊಂಡು ಕೂತಿದಾಳೆ. ಮುದುಕರು ಗಾಳಿಯಲ್ಲಿ ಏನೋ ಹೆಕ್ತಿದಾರೆ. ಕಣ್ಣು ಅತ್ತಿಗೆಯ ಹಾಗೇ. ಫ್ಲಾಸ್ಕ್ ಬಿಚ್ತಿದಾಳೆ. ಚೀಲದಲ್ಲಿ ನಮ್ಮ 'ನಿದ್ದೆ ಚಹಾ' ಪಾಕೆಟ್. "ಎರಡು ಗುಟುಕು ಕುಡೀರಿ ಅಪ್ಪಾ, ಸಮಾಧಾನ ಆಗುತ್ತೆ."
"ಬೇಡಮ್ಮಾ, ಅದನ್ನ ಕುಡಿಸಬೇಡ, ಅದರಲ್ಲಿ ವಿಷ —"