ಶಾಂತಿ ಕೇಂದ್ರಕ್ಕೆ ಕೊಟ್ಟ ಟೇಪು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ಎರಡು ಕಾಗದ ಹಾಕಿದರೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ, ಬೈಯಿ. ನಮ್ಮ ಗುಬ್ಬಿಯ ದನಿ ಇರುವ ಟೇಪು ಕೈಗೆ ಬಂದಮೇಲೆ ಬರೆಯೋಣವೆಂದು ಕಾದೆ. ಮಗಳದೆಂದು ನಮಗೆ ಉಳಿದಿರುವ ದನಿ ಅದೊಂದೇ ತಾನೆ.

ನೆನ್ನೆ ಆ ಶಾಂತಿ ಕೇಂದ್ರಕ್ಕೆ ಹೋಗಿದ್ದೆ. ಹೋದ ವರ್ಷ ಮನೆಗೆ ಬಂದು ಹಲ್ಲುಗಿಂಜಿ ಟೇಪು ಇಸಕೊಂಡು ಹೋದವರು ಇವರೇ. ಯುದ್ಧದ ಚರಿತ್ರೆ, ಮಾತುಕತೆಯ ಚರಿತ್ರೆ ಎಲ್ಲ ಗೋಡೆ ತುಂಬ ಪರದೆಗಳಲ್ಲಿ ಓಡುತ್ತದೆ. ಬೆರಳಿಟ್ಟರೆ ಒಂದು ಊರು ಉರಿಯುತ್ತದೆ, ಇನ್ನೊಮ್ಮೆ ಇಟ್ಟರೆ ಆರುತ್ತದೆ. ನಮ್ಮ ಮಾರುಕಟ್ಟೆ ಬೀದಿಯನ್ನು ಹಲಗೆಯಲ್ಲಿ ಕಟ್ಟಿದ್ದಾರೆ, ಕಾಲಿಟ್ಟರೆ ಬಾಂಬಿನ ಸದ್ದು. ಶಾಲೆ ಮಕ್ಕಳು ಕಿಸಕಿಸ ನಗುತ್ತ ಮತ್ತೆ ಮತ್ತೆ ಹೋಗಿ ಬರುತ್ತಿದ್ದವು. ಮಕ್ಕಳನ್ನೇನು ಅನ್ನಲಿ, ಕಟ್ಟಿದವರ ತಲೆಯಲ್ಲಿ ಏನು ತುಂಬಿದೆಯೋ. ಒಪ್ಪಂದ ಮಾಡಿದ ಮಹಾನುಭಾವರು ಕೈ ಕುಲುಕುವುದನ್ನಂತೂ ಎಲ್ಲಿ ತಿರುಗಿದರೂ ತೋರಿಸುತ್ತಾರೆ, ಹಿನ್ನೆಲೆಗೆ ಪಿಟೀಲು ಬೇರೆ. ಯಾರು ಯಾವ ಕುರ್ಚಿಯಲ್ಲಿ ಕೂರಬೇಕೆಂದು ಇವರು ಕಿತ್ತಾಡುತ್ತಿದ್ದ ವಾರವೇ ಅಲ್ಲವೆ, ಶೆಲ್ ಬಿದ್ದು ಗುಬ್ಬಿ ಹೋದದ್ದು. ಆ ಕುರ್ಚಿಗಳನ್ನೂ ಗಾಜಿನೊಳಗೆ ಇಟ್ಟಿದ್ದಾರೆ.

ಕೇಂದ್ರದ ನಿರ್ದೇಶಕ ಕಾಫಿ ತರಿಸಿದ. "ನಿಮ್ಮಂಥೋರ ನೋವೇ ನಮ್ಮ ಆಸ್ತಿ ಅಮ್ಮಾ" ಎಂದ.

"ಆಸ್ತಿ ಇರಲಿ, ನನ್ನ ಟೇಪು ಕೊಡಿ" ಎಂದೆ.

ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟ: ಪೆನ್ನು, ಚೀಲ, ಪಾರಿವಾಳದ ಚಿತ್ರವಿರುವ ಕಾಫಿ ಕಪ್ಪು. ಎಲ್ಲವನ್ನೂ ಬಾಗಿಲ ಬಳಿಯ ಕಸದ ಬುಟ್ಟಿಗೆ ಹಾಕಿ ಬಂದೆ.

ನಮ್ಮವರು ಹಳೇ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಿ ಮೇಜಿನ ಮೇಲಿಟ್ಟಿದ್ದಾರೆ. ದಿನಾ ಒರೆಸುತ್ತಾರೆ.

ಭಾವನಿಗೆ ನಮಸ್ಕಾರ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ. ನೀನು ಸುಮ್ಮಸುಮ್ಮನೆ ಮೆಟ್ಟಿಲು ಹತ್ತಿ ಇಳಿಯಬೇಡ.

ನಿನ್ನ ತಂಗಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಟೇಪು ಇಲ್ಲ ಅಕ್ಕ. ಬೂಜು ಹಿಡಿದಿತ್ತಂತೆ, ಕಂಪ್ಯೂಟರಿಗೆ ಹಾಕಿಕೊಂಡು ಎಸೆದರಂತೆ. ಅಲ್ಲಿಯ ಹುಡುಗಿ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟಳು. ಗುಬ್ಬಿ ಇದ್ದಾಗ ಮುದ್ರಿಸಿಕೊಂಡದ್ದಲ್ಲವೆ ಅದು, ನಮ್ಮವರು ರೇಡಿಯೋದವರಿಗೆ ಮಾರುಕಟ್ಟೆ ಬೀದಿ ಉರಿದದ್ದನ್ನು ಹೇಳುತ್ತಿದ್ದಾರೆ, ಒಂದೊಂದು ಮಾತೂ ಸ್ಪಷ್ಟ. "ಅಪ್ಪಾ, ಜಡೆ ಹಾಕು ಬಾ" ಎಂದು ಗುಬ್ಬಿ ನಡುನಡುವೆ ಪೀಡಿಸುತ್ತಿದ್ದದ್ದು ಮಾತ್ರ ಎಲ್ಲೂ ಇಲ್ಲ. "ಹಿಂದೆ ಯಾವ್ದೋ ಮಗು ಗಲಾಟೆ ಮಾಡ್ತಿತ್ತು, ಎಲ್ಲಾ ತೆಗೆದು ಕ್ಲೀನ್ ಮಾಡಿದೀವಿ" ಎಂದಳು, ನಾನು ಹೊಗಳುತ್ತೇನೆಂದು ಕಾಯುತ್ತ. ಮೊದಲಿನದನ್ನು ಅವರು ಇಟ್ಟುಕೊಂಡೇ ಇಲ್ಲ.

ಮನೆಗೆ ಬಂದಾಗ ಇವರು "ಸಿಕ್ತಾ?" ಎಂದರು. "ಹುಡುಕ್ತಿದಾರಂತೆ" ಎಂದೆ. ಈಗ ಹೊಸ ಬ್ಯಾಟರಿ ತರಲು ಅಂಗಡಿಗೆ ಹೋಗಿದ್ದಾರೆ.